ಮಾವನ ‘ನೀಡ್‌ಫುಲ್’

ಎರಡು ವರ್ಷಗಳ ಹಿಂದೆ ನಮ್ಮೂರಿನ ವಾಚನಾಲಯದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಕರಡು ಅಚ್ಚಿಗೆ ಹೋಗುವ ಮುನ್ನ ನನ್ನ ಕೈಗೆ ಬಂತು. ಕಾಸರಗೋಡಿನ ಆಮಂತ್ರಣವೆಂದ ಮೇಲೆ ಅದರಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಇರಬೇಕು. 32 ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ 2020ರಲ್ಲಿ ನಿವೃತ್ತನಾದ ನನ್ನ ಪಾಲಿಗೆ ಬರುವುದು ಮೂರನೆಯದು. ವಿಚಾರಗೋಷ್ಠಿಯ ವಿವರದಲ್ಲಿ ‘ಡಿಸ್ಕಸ್ ಅಬೌಟ್ ದಿ ಫ್ಯೂಚರ್ ಆಫ್ ಕನ್ನಡ ಮೀಡಿಯಂ ಸ್ಕೂಲ್ಸ್’ ಎಂದಿತ್ತು. ‘ಡಿಸ್ಕಸ್’ ಎಂಬ ಕ್ರಿಯಾಪದದ ಹೊಟ್ಟೆಯೊಳಗೇ ‘ಬಗ್ಗೆ’ ಇರುವುದರಿಂದ ಹೊರಗಿನಿಂದ ಇನ್ನೊಂದು ‘ಅಬೌಟ್’ ಬೇಕಿಲ್ಲ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಎರಡನೆಯ ಕರಡಿನಲ್ಲಿಯೂ ಅದನ್ನು ಹಾಗೆಯೇ ಉಳಿಸಿದ್ದ. ಮತ್ತೆ ಹೊಡೆದೆ. ಸಂಜೆ ಫೋನು ಬಂತು. “ಸರ್, ಅಬೌಟ್ ಇಲ್ಲದಿದ್ದರೆ ಎಂತದೋ ಬಿಟ್ಟು ಹೋದ ಹಾಗೆ ಕಾಣ್ತದೆ. ಸಮಿತಿಯವರೂ ಹಾಗೇ ಹೇಳ್ತಾರೆ,” ಎಂದ. ಅರ್ಧ ಗಂಟೆ ವಾದಿಸಿ ಗೆದ್ದೆ. ಪತ್ರಿಕೆ ಅಚ್ಚಾಗಿ ಬಂದಾಗ ಇಂಗ್ಲಿಷ್ ಭಾಗದಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಕನ್ನಡದ ಭಾಗದಲ್ಲಿ ‘ವಿಶೇಷ ಆಹ್ವಾನಿತರು’ ಎಂಬುದು ‘ವಿಷೇಶ ಆಹ್ವಾನಿತರು’ ಎಂದಾಗಿತ್ತು. ಕರಡು ಮೂರು ಸಲ ನನ್ನ ಕಣ್ಣಮುಂದೆ ಹಾದುಹೋಗಿತ್ತು.

ಅಂದಿನಿಂದ ಈ ವಿಷಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿದೆ. ಕೇಳಿದ ತಕ್ಷಣ ನನ್ನ ಮುಖ ಸಿಂಡರಿಸುವ ಇಂಗ್ಲಿಷ್ ಪ್ರಯೋಗಗಳ ಒಂದು ಪಟ್ಟಿಯೇ ನನ್ನಲ್ಲಿದೆ. ‘ಕೋಪ್ ಅಪ್ ವಿತ್’, ‘ರಿಟರ್ನ್ ಬ್ಯಾಕ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ವಿ ಆರ್ ಹಿಯರ್ ಓನ್ಲಿ’, ಪ್ರತಿ ವಾಕ್ಯದ ಬಾಲಕ್ಕೂ ಕಟ್ಟುವ ‘ಇಸಿಂಟ್ ಇಟ್’. ಇವು ಅಜ್ಞಾನದಿಂದ ಹುಟ್ಟಿದವಲ್ಲ ಎಂಬುದು ಕಲಿಸುತ್ತ ಕಲಿಸುತ್ತ ನನಗೆ ತಿಳಿದಿತ್ತು. ‘ಇಲ್ಲೇ ಇದ್ದೇವೆ’ ಎನ್ನುವಾಗ ಕೊನೆಗೆ ಹಚ್ಚುವ ಆ ಒಂದು ‘ಏ’ಕಾರಕ್ಕೆ ಇಂಗ್ಲಿಷಿನಲ್ಲಿ ಪ್ರತ್ಯಯವಿಲ್ಲ, ಮಲಯಾಳಂನವರಿಗೆ ‘ಇವಿಡೆತ್ತನ್ನೆ’ ಉಂಟು, ತುಳುವಿನವರಿಗೆ ‘ಮುಲ್ಪನೇ’ ಉಂಟು. ಒತ್ತು ಕೊಡಬೇಕಾದ ಜಾಗದಲ್ಲಿ ಕೈಗೆ ಸಿಕ್ಕಿದ ‘ಓನ್ಲಿ’ಯನ್ನು ಮೂವರೂ ಹಚ್ಚುತ್ತಾರೆ. ‘ಅಲ್ಲವೇ’ ಎಂಬುದು ಎಲ್ಲ ವಾಕ್ಯಕ್ಕೂ ಸಲ್ಲುತ್ತದೆ. ಇಂಗ್ಲಿಷಿನವನೋ ಪ್ರತಿ ವಾಕ್ಯದ ಕ್ರಿಯಾಪದವನ್ನು ನೋಡಿ ‘ಡಿಡಿಂಟ್ ಹಿ’, ‘ವೋಂಟ್ ದೇ’ ಎಂದು ಬೇರೆ ಬೇರೆ ಬಾಲ ಹೊಲಿಯುತ್ತಾನೆ. ಷಡ್ಡಕ ಎಂಬ ಸಂಬಂಧಕ್ಕೆ ಅವರಲ್ಲಿ ಪದವೇ ಇಲ್ಲದ್ದರಿಂದ ನಮ್ಮವರು ‘ಕೋ ಬ್ರದರ್’ ಎಂದು ಒಂದನ್ನು ಕಟ್ಟಿಕೊಂಡರು, ಮತ್ತು ಚೆನ್ನಾಗಿಯೇ ಕಟ್ಟಿಕೊಂಡರು. ಇಷ್ಟೆಲ್ಲ ಗೊತ್ತಿದ್ದೂ ಕಿವಿಗೆ ಬಿದ್ದಾಗ ಸಿಟ್ಟು ಬರುತ್ತದೆ. ಆ ಸಿಟ್ಟು ನನಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸಿಗುವುದು ತಾಲೂಕು ಕಚೇರಿಯ ಜಗಲಿ.

ಜಗಲಿಯ ಇಂಗ್ಲಿಷ್

ನನ್ನ ಸೋದರಮಾವ ಅರ್ಜಿ ಬರೆಯುವವರು. 1952ರ ಸುಮಾರಿಗೆ ಅವರು ಆ ಕೆಲಸಕ್ಕೆ ಕುಳಿತಾಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು; ಅರ್ಜಿಗಳು ಮಂಗಳೂರಿನ ಕಲೆಕ್ಟರರಿಗೆ ಹೋಗುತ್ತಿದ್ದವು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು, ಮುಂದೆ ಕಣ್ಣೂರು ಜಿಲ್ಲೆಯ ಭಾಗವಾಯಿತು, 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಹೀಗೆ ಮಾವ ತಮ್ಮ ಬಾಳಿನಲ್ಲಿ ‘ಟು ದಿ ಕಲೆಕ್ಟರ್’ ಎಂಬ ಸಾಲಿನ ಕೆಳಗೆ ಮೂರು ಊರುಗಳ ಹೆಸರನ್ನು ಬರೆದರು, ಆದರೆ ಅದರ ಕೆಳಗಿನ ಇಂಗ್ಲಿಷ್ ಒಂದಿಷ್ಟೂ ಬದಲಾಗಲಿಲ್ಲ. ಅವರ ಓದು ಕನ್ನಡದಲ್ಲಿ, ಮನೆಮಾತು ತುಳು. ಮಲಯಾಳಂ ಮಾತಾಡುತ್ತಿದ್ದರು, ಅದರ ಲಿಪಿ ಮಾತ್ರ ಕೊನೆಯವರೆಗೂ ಒಲಿಯಲಿಲ್ಲ. ಕಚೇರಿಯೊಳಗಿನ ಗುಮಾಸ್ತರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇಬ್ಬರ ನಡುವೆ ಇದ್ದ ಒಂದೇ ಸಂಕವೆಂದರೆ ಇಂಗ್ಲಿಷ್. ನಮ್ಮ ಕಡೆಯ ಕನ್ನಡಿಗರು ಇಂದಿಗೂ ಬ್ಯಾಂಕಿನಲ್ಲೋ ಪಂಚಾಯತಿನಲ್ಲೋ ಮಲಯಾಳಂ ಫಾರ್ಮನ್ನು ಬದಿಗಿಟ್ಟು ಇಂಗ್ಲಿಷಿನದನ್ನು ಕೇಳುವುದು ಇಂಗ್ಲಿಷಿನ ಮೇಲಿನ ಮೋಹದಿಂದಲ್ಲ, ಎರಡು ಭಾಷೆಗಳ ನಡುವೆ ನಿಲ್ಲಲು ಕಾಲಿಗೆ ಸಿಗುವ ಕಲ್ಲು ಅದೊಂದೇ ಎಂಬ ಕಾರಣದಿಂದ.

1986ರ ಮಳೆಗಾಲದಲ್ಲಿ, ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಮಾವ ತಮ್ಮ ಜೊತೆ ಜಗಲಿಗೆ ಕರೆದೊಯ್ದರು. ಒಂದು ಮರದ ಡೆಸ್ಕು, ಅದರ ಮುಚ್ಚಳದ ಒಳಬದಿಗೆ ಅಂಟಿಸಿದ ದೇವರ ಪಟ, ಕಾರ್ಬನ್ ಕಾಗದದ ಕಟ್ಟು, ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೋರ್ಟ್ ಫೀ ಸ್ಟ್ಯಾಂಪುಗಳು. ಮಾಡಿನಿಂದ ಇಳಿಯುವ ನೀರು ಕಾಗದಕ್ಕೆ ಸಿಡಿಯದಂತೆ ಡೆಸ್ಕನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಮೊದಲ ದಿನ ಅವರು ನನಗೆ ಕೊಟ್ಟ ಕೆಲಸ ತಾವು ಗೀಚಿದ್ದನ್ನು ಶುದ್ಧಪ್ರತಿ ಮಾಡುವುದು. ಒಬ್ಬ ಕೃಷಿಕರ ಅಡಿಕೆ ತೋಟದ ಅಳತೆಯ ವಿಷಯ. ‘ಐ ಮೋಸ್ಟ್ ಹಂಬ್ಲಿ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್’ ಎಂದು ಆರಂಭವಾಗಿ ‘ಕೈಂಡ್ಲಿ ಡು ದಿ ನೀಡ್‌ಫುಲ್ ಅಂಡ್ ಒಬ್ಲೈಜ್’ ಎಂದು ಮುಗಿಯುವ ಒಂದೂವರೆ ಪುಟ. ನಾನು ಅದನ್ನು ಐದು ಸಾಲಿಗೆ ಇಳಿಸಿದೆ. ಬೇಡುವುದು, ನಮಿಸುವುದು ಎಲ್ಲವನ್ನೂ ತೆಗೆದು, ಜಾಗವನ್ನು ಅಳೆದುಕೊಡಬೇಕಾಗಿ ಕೋರುತ್ತೇನೆ ಎಂದು ನೇರವಾಗಿ ಬರೆದು, ಈಗಿನ ಇಂಗ್ಲಿಷ್ ಹೀಗಿರಬೇಕು ಎಂದು ಮಾವನಿಗೆ ಕೊಟ್ಟೆ.

ಮಾವ ಕನ್ನಡಕವನ್ನು ಹಣೆಗೆ ಏರಿಸಿ ಓದಿದರು. “ಚೆಂದ ಉಂಟು ಮಾರಾಯಾ. ಆದರೆ ನೋಡು, ನೀನು ‘ಅಳೆಯಿರಿ’ ಅಂತ ಬರೆದರೆ, ಅಳೆಯುವುದು ನನ್ನ ಕೆಲಸ ಅಲ್ಲ ಅಂತ ಹೇಳಿ ಆ ಗುಮಾಸ್ತ ಕಾಗದವನ್ನು ಹಿಂದೆ ಕೊಡ್ತಾನೆ. ‘ನೀಡ್‌ಫುಲ್’ ಅಂತ ಬರೆದರೆ ಯಾವುದು ನೀಡ್‌ಫುಲ್ ಅಂತ ಅವನೇ ಹುಡುಕಬೇಕಾಗ್ತದೆ. ಹುಡುಕದಿದ್ದರೆ ಅವನ ಮೇಲಿನವನು ಕೇಳ್ತಾನೆ.” ಇಷ್ಟು ಹೇಳಿ ನನ್ನ ಐದು ಸಾಲನ್ನು ಮಡಚಿ ವೀಳ್ಯದೆಲೆಯ ನೀರು ಒರಸಲು ಬಳಸಿದರು. ನನಗೆ ಅವಮಾನವಾಯಿತು. ಮನೆಗೆ ಬಂದು ಅಮ್ಮನ ಹತ್ತಿರ, ಮಾವನದು ಬ್ರಿಟಿಷರ ಕಾಲದ ಗುಲಾಮಗಿರಿಯ ಇಂಗ್ಲಿಷ್ ಎಂದು ದೂರಿದೆ. ಅಮ್ಮ, “ಆ ಇಂಗ್ಲಿಷಿನಲ್ಲಿ ನಿನ್ನ ಫೀಸು ಕಟ್ಟಿದ್ದು,” ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು.

‘ಡು ದಿ ನೀಡ್‌ಫುಲ್’ ಭಾರತೀಯರ ತಪ್ಪು ಇಂಗ್ಲಿಷ್ ಎಂದು ನಾನು ನಂಬಿದ್ದೆ. ತರಗತಿಯಲ್ಲಿ ಹಾಗೆ ಹೇಳಿಯೂ ಇದ್ದೇನೆ. ವಾಸ್ತವದಲ್ಲಿ ಅದು 18 ಮತ್ತು 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ವ್ಯವಹಾರದ ಪತ್ರಗಳಲ್ಲಿ ಸಾಮಾನ್ಯವಾಗಿದ್ದ ಮಾತು. ಅಲ್ಲಿ ಅದು ಸವೆದು ಹೋಯಿತು, ಇಲ್ಲಿನ ಕಚೇರಿಗಳಲ್ಲಿ ಉಳಿಯಿತು. ತಂದವರು ಬಿಟ್ಟು ಹೋದ ಮೇಲೆ ಸಾಕಿಕೊಂಡವರನ್ನು ತಪ್ಪಿತಸ್ಥರೆನ್ನುವುದು ವಿಚಿತ್ರ ನ್ಯಾಯ.

ಸ್ಟಾಫ್ ರೂಮಿನ ವ್ಯಾಜ್ಯ

ನನಗೆ ಕೆಲಸ ಸಿಕ್ಕಿದ ಶಾಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ವಿಭಾಗಗಳಿದ್ದವು. ಮಲಯಾಳಂ ವಿಭಾಗಕ್ಕೆ ಇಂಗ್ಲಿಷ್ ಕಲಿಸುತ್ತಿದ್ದವರು ಪಯ್ಯನ್ನೂರು ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ‘ಸಿಂಬ್ಲಿ’ಗೆ ನಾನು ನಗುತ್ತಿದ್ದೆ, ನನ್ನ ‘ಯೆಲ್ಲೆಲ್‌ಬಿ’ಗೆ ಅವರು ನಗುತ್ತಿದ್ದರು, ಆ ಲೆಕ್ಕ ಸರಿಸಮವಾಗಿತ್ತು. ಜಗಳ ಬರುತ್ತಿದ್ದುದು ಬರಹದಲ್ಲಿ. ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ನಾನು ‘ನಾಟ್ ಲೆಸ್ ದ್ಯಾನ್ ಫಿಫ್ಟಿ ವರ್ಡ್ಸ್’ ಎಂದು ಬರೆದೆ. ಎಣಿಸಬಹುದಾದ್ದಕ್ಕೆ ‘ಫ್ಯೂಯರ್’, ಅಳೆಯಬಹುದಾದ್ದಕ್ಕೆ ‘ಲೆಸ್’, ಪದಗಳನ್ನು ಎಣಿಸುತ್ತಾರೆ, ಆದ್ದರಿಂದ ‘ಫ್ಯೂಯರ್’ ಎಂದು ಅವರು ತಿದ್ದಿದರು. ಐವತ್ತು ಪದವೆಂಬುದು ಇಲ್ಲಿ ಒಂದು ಪ್ರಮಾಣ ಎಂದು ನಾನು ಹಟ ಹಿಡಿದೆ. ಮೂರು ದಿನ ನಾವಿಬ್ಬರೂ ಮಾತಾಡಲಿಲ್ಲ. ಕೊನೆಗೆ ಮುಖ್ಯೋಪಾಧ್ಯಾಯರು, ಅವರು ಕಲಿಸುತ್ತಿದ್ದುದು ಗಣಿತ, ಎರಡನ್ನೂ ಹೊಡೆದು ‘ಅಟ್ ಲೀಸ್ಟ್’ ಎಂದು ಬರೆದು ಅಚ್ಚಿಗೆ ಕಳಿಸಿದರು.

ನಾವು ಇಬ್ಬರು ಮುನಿಸಿಕೊಂಡ ಆ ನಿಯಮದ ಜಾತಕವನ್ನು ನಾನು ನೋಡಿದ್ದು ಬಹಳ ತಡವಾಗಿ. 1770ರಲ್ಲಿ ರಾಬರ್ಟ್ ಬೇಕರ್ ಎಂಬವನು ‘ಲೆಸ್’ಗಿಂತ ಇಂಥಲ್ಲಿ ‘ಫ್ಯೂಯರ್’ ಚೆನ್ನಾಗಿ ಕಾಣುತ್ತದೆ ಎಂದು ತನ್ನ ರುಚಿಯನ್ನು ಹೇಳಿಕೊಂಡಿದ್ದ, ಅಷ್ಟೆ. ಅದಕ್ಕೂ ಮೊದಲು, 9ನೆಯ ಶತಮಾನದ ಆಲ್ಫ್ರೆಡ್ ದೊರೆಯ ಕಾಲದಿಂದಲೂ, ಎಣಿಸುವ ವಸ್ತುಗಳಿಗೆ ‘ಲೆಸ್’ ಎಂದು ಬರೆದ ಇಂಗ್ಲಿಷರಿದ್ದರು. ಒಬ್ಬನ ರುಚಿ ನೂರು ವರ್ಷಗಳಲ್ಲಿ ಶಾಸನವಾಗಿ, ಸಮುದ್ರ ದಾಟಿ, ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಬಂದು, ಪಯ್ಯನ್ನೂರಿನವರನ್ನೂ ಕುಂಬಳೆಯವನಾದ ನನ್ನನ್ನೂ ಮೂರು ದಿನ ಬೇರೆ ಬೇರೆ ಮೇಜಿನಲ್ಲಿ ಕೂರಿಸಿತು.

ಉಳಿದ ನಿಯಮಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ವಾಕ್ಯದ ಕೊನೆಗೆ ‘ವಿತ್’, ‘ಫ್ರಮ್’, ‘ಟು’ಗಳಂಥ ಪದ ಬರಬಾರದೆಂದು 1672ರಲ್ಲಿ ಡ್ರೈಡನ್ ಕವಿ ತನಗಿಂತ ಹಿಂದಿನ ಬೆನ್ ಜಾನ್ಸನ್ನನ ಮೇಲೆ ತಪ್ಪು ಹೊರಿಸಿದ, ಆ ಪದ್ಧತಿ ಲ್ಯಾಟಿನ್ನಿನಲ್ಲಿ ಇಲ್ಲ, ಇಂಗ್ಲಿಷಿಗಾದರೋ ಹುಟ್ಟಿನಿಂದಲೇ ಬಂದದ್ದು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ, ಇದು ನಮ್ಮ ಭಾಷೆ ಬಹಳವಾಗಿ ಒಲಿಯುವ ರೂಢಿ ಎಂದು ಬರೆಯುತ್ತ ಆ ಮಾತನ್ನೇ ‘ಟು’ ಎಂದು ಮುಗಿಸಿದ. ಬೇಕೆಂದೇ ಮಾಡಿದ ಕೀಟಲೆಯಿರಬೇಕು. ಅವನ ಬಳಿಕದ ಮೇಷ್ಟ್ರುಗಳು ಕೀಟಲೆಯನ್ನು ಬಿಟ್ಟು ನಿಷೇಧವನ್ನು ಹಿಡಿದುಕೊಂಡರು. 1795ರಲ್ಲಿ ಬಂದು ಎರಡು ಖಂಡಗಳ ಶಾಲೆಗಳನ್ನು ಆಳಿದ ವ್ಯಾಕರಣವನ್ನು ಬರೆದ ಲಿಂಡ್ಲೆ ಮರ್ರೆ, ವೃತ್ತಿಯಿಂದ ವಕೀಲ. ಇದನ್ನು ತಿಳಿದಾಗ ನನಗೆ ಒಂದು ಸಣ್ಣ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು, ಏಕೆಂದರೆ ಸರಿತಪ್ಪುಗಳ ಈ ಸಾಮ್ರಾಜ್ಯದಲ್ಲಿಯೂ ಮಾವನ ವರ್ಗದವರಿಗೆ ಒಂದು ಕುರ್ಚಿ ಇತ್ತು.

(ನಮ್ಮೂರಿನ ಹೆಸರಿನ ಇಂಗ್ಲಿಷ್ ಬರವಣಿಗೆಯಲ್ಲಿ ‘ಆರ್’ ಅಕ್ಷರದ ಬಳಿಕ ‘ಎ’ ಬೇಕೇ ಬೇಡವೇ ಎಂಬುದೇ ಇನ್ನೂ ಎಲ್ಲ ಬೋರ್ಡುಗಳಿಗೆ ಒಂದೇ ರೀತಿ ಗೊತ್ತಾಗಿಲ್ಲ. ಹೊಸ ಬಸ್ ನಿಲ್ದಾಣದಿಂದ ಹಳೆಯದಕ್ಕೆ ನಡೆಯುವಾಗ ಎರಡೂ ಸಿಗುತ್ತವೆ. ಆ ಬಗ್ಗೆ ನಾನು ಯಾರೊಡನೆಯೂ ಜಗಳವಾಡಿದ್ದಿಲ್ಲ.)

ಐ ವಿಲ್ ಕಮ್, ಸರ್

ಎಂಟನೆಯ ತರಗತಿಯ ಒಬ್ಬಳು ಹುಡುಗಿ ನೋಟು ಪುಸ್ತಕಗಳ ಕಟ್ಟನ್ನು ಸ್ಟಾಫ್ ರೂಮಿಗೆ ತಂದಿಟ್ಟು, ಬಾಗಿಲಿನವರೆಗೆ ಹೋಗಿ, ತಿರುಗಿ ನಿಂತು, “ಐ ವಿಲ್ ಕಮ್, ಸರ್,” ಎಂದಳು. ಆ ವರ್ಷ ನಾನು ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂದು ಮಕ್ಕಳಿಗೆ ಕಟ್ಟಳೆ ಮಾಡಿದ್ದೆ. ಎಲ್ಲಿಗೆ ಬರುವುದು, ಹೋಗುವುದಲ್ಲವೇ, ಸರಿಯಾಗಿ ಹೇಳು ಎಂದು ಗದರಿದೆ. ಅವಳು ಬಾಗಿಲ ದಾರಂದವನ್ನು ಹಿಡಿದುಕೊಂಡು ನಿಂತಳು. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ‘ಗೋ’ ಎಂಬ ಪದ ಅವಳಿಗೆ ಗೊತ್ತಿಲ್ಲದ್ದಲ್ಲ. ಒಂದನೆಯ ತರಗತಿಯಿಂದ ಗೊತ್ತು. ಮತ್ತೊಮ್ಮೆ ಗದರಿದಾಗ ಕಟ್ಟಳೆಯನ್ನು ಮುರಿದು ಮೆಲ್ಲಗೆ, “ಹೋಗ್ತೇನೆ ಅಂತ ಹೇಳ್ಬಾರ್ದಂತೆ ಸರ್. ಅಜ್ಜಿ ಬೈತಾರೆ,” ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ. ಹೊಸ್ತಿಲು ದಾಟುವಾಗ ‘ಹೋಗುತ್ತೇನೆ’ ಎಂದವರನ್ನು ನಾನು ಕಂಡಿಲ್ಲ. ಪಯ್ಯನ್ನೂರಿನ ಹಿರಿಯರು ಪತ್ರಿಕೆಯ ಹಿಂದಿನಿಂದ, “ಮಾಷೇ, ನಾವು ಕೂಡ ‘ಪೋಯಿ ವರಾಂ’ ಅನ್ನುವುದು. ಅವಳನ್ನು ಬಿಡಿ,” ಎಂದರು. ಲೆಸ್, ಫ್ಯೂಯರ್‌ಗಳ ಯುದ್ಧದ ಬಳಿಕ ಅವರು ನನ್ನೊಡನೆ ಆಡಿದ ಮೊದಲ ಸ್ನೇಹದ ಮಾತು ಅದು. ಆ ಹುಡುಗಿಗೆ ‘ಗುಡ್ ಬೈ’ ಎನ್ನಲು ಕಲಿಸಿ ಕಳುಹಿಸಿದೆ. ‘ಗುಡ್ ಬೈ’ ಎಂಬುದು ‘ಗಾಡ್ ಬಿ ವಿತ್ ಯೀ’ ಎಂಬ ಹಾರೈಕೆ ಬಾಯಿಂದ ಬಾಯಿಗೆ ಸವೆದು ಆದದ್ದೆಂದು, ಅಂದರೆ ಬಾಗಿಲಲ್ಲಿ ನಿಂತು ‘ನಾನು ಹೋಗುತ್ತೇನೆ’ ಎಂದು ಬರಿದೇ ಹೇಳಲು ಇಂಗ್ಲಿಷಿನವನಿಗೂ ಹಿಂಜರಿಕೆ ಇತ್ತೆಂದು, ಆಗ ನನಗೆ ತಿಳಿದಿದ್ದರೆ ಅವಳ ಅಜ್ಜಿಯ ಪರವಾಗಿ ಒಂದು ಮಾತು ಸೇರಿಸಬಹುದಿತ್ತು.

ತಿದ್ದಿಸಿಕೊಳ್ಳುವವರ ಸಾಲಿನಲ್ಲಿ ನಿಂತ ಅನುಭವ ನನಗೂ ಇಲ್ಲದಿಲ್ಲ. ಬೆಂಗಳೂರಿನ ಅಂಗಡಿಯೊಂದರಲ್ಲಿ ‘ದೊಡ್ಡ ಅಳತೆಯದ್ದು ಉಂಟಾ’ ಎಂದು ಕೇಳಿದಾಗ ಅಲ್ಲಿದ್ದವನು ನಕ್ಕು, ‘ಇದೆಯಾ ಅನ್ನಿ ಸಾರ್’ ಎಂದಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ದಿನವಿಡೀ ಇಳಿದಿರಲಿಲ್ಲ. ಮರುದಿನವೇ ಶಾಲೆಗೆ ಬಂದು ನಾನು ‘ಓನ್ಲಿ’ಗಳ ಮೇಲೆ ಕೆಂಪು ಗೆರೆ ಎಳೆದೆ.

ಗಡಿಕಲ್ಲು

ಹಾಗೆಂದು ಎಲ್ಲವೂ ಸರಿ, ಯಾರು ಹೇಗೆ ಬರೆದರೂ ನಡೆಯುತ್ತದೆ ಎಂಬ ಪಕ್ಷಕ್ಕೆ ನಾನು ಸೇರಲಾರೆ. ನನ್ನ ಕಿವಿಗೆ ಮಾತ್ರ ನೋವು ಕೊಡುವ ತಪ್ಪು ಬೇರೆ, ಬರೆದವನ ಕೆಲಸವನ್ನೇ ಕೆಡಿಸುವ ತಪ್ಪು ಬೇರೆ. ‘ಡಿಸ್ಕಸ್ ಅಬೌಟ್’ ಎಂದರೆ ಗೋಷ್ಠಿ ನಿಲ್ಲುವುದಿಲ್ಲ. ‘ಪ್ರಿಪೋನ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೂ ಅದಕ್ಕೆ ಜಾಗವಿದೆ. ಆದರೆ ‘ಡೌಟ್’ ಎಂಬ ಪದವಿದೆಯಲ್ಲ, ಅದು ನಮ್ಮ ಕಡೆಯವರನ್ನು ನಿಜವಾಗಿಯೂ ಗುಂಡಿಗೆ ಕೆಡಹುತ್ತದೆ. ‘ಅವನೇ ಕದ್ದದ್ದು ಅಂತ ನನಗೆ ಡೌಟು’ ಎಂದು ನಾವು ಹೇಳುವಾಗ ಅವನು ಕದ್ದಿರಬೇಕು ಎಂದು ಅರ್ಥ. ಅದನ್ನೇ ‘ಐ ಡೌಟ್ ದಟ್ ಹಿ ಸ್ಟೋಲ್ ಇಟ್’ ಎಂದು ಇಂಗ್ಲಿಷಿಗೆ ಇಳಿಸಿದರೆ, ಅವನು ಕದ್ದಿರಲಾರ ಎಂದಾಗುತ್ತದೆ. ನಮ್ಮ ‘ಸಂಶಯ’ ಎರಡೂ ಕಡೆಗೆ ವಾಲಬಲ್ಲದು; ಮಲಯಾಳಂನ ‘ಸಂಶಯಂ’ ಕೂಡ ಹಾಗೆಯೇ. ಇಂದಿನ ಇಂಗ್ಲಿಷಿನ ‘ಡೌಟ್’ ಒಂದೇ ಕಡೆಗೆ ವಾಲುತ್ತದೆ.

ಇಂದಿನ ಎಂದು ಬೇಕೆಂದೇ ಬರೆದೆ. ‘ಐ ಡೌಟ್ ಸಮ್ ಫೌಲ್ ಪ್ಲೇ’ ಎಂದು ಶೇಕ್ಸ್‌ಪಿಯರನ ನಾಟಕದಲ್ಲಿ ಹ್ಯಾಮ್ಲೆಟ್ ಹೇಳುವಾಗ ಅವನಿಗೆ ಇರುವುದು ಮೋಸ ನಡೆದಿದೆ ಎಂಬ ಶಂಕೆ. ಅವನ ‘ಡೌಟ್’ ನಮ್ಮ ‘ಡೌಟೇ’. ಸ್ಕಾಟ್ಲೆಂಡಿನವರು ಈಗಲೂ ಮಳೆ ಬರಬಹುದು ಎನ್ನಲು ಆ ಪದವನ್ನೇ ಬಳಸುವುದುಂಟು. ಬಿ.ಎ.ಯಲ್ಲಿ ಆ ನಾಟಕವನ್ನು ಓದಿ ಪಾಸಾಗಿದ್ದ ನನಗೆ 1986ರ ಆ ಮಳೆಗಾಲದಲ್ಲಿ ಇದಾವುದೂ ಹೊಳೆಯದೇ ಹೋಯಿತು.

‘ನೀಡ್‌ಫುಲ್’ ಪ್ರಸಂಗವಾಗಿ ಒಂದೆರಡು ವಾರ ಕಳೆದಿರಬೇಕು. ಬದಿಯಡ್ಕ ಕಡೆಯ ಒಬ್ಬರು ನೆನೆದ ಕೊಡೆಯನ್ನು ಕಂಬಕ್ಕೆ ಒರಗಿಸಿ, ಪ್ಲಾಸ್ಟಿಕ್ ತೊಟ್ಟೆಯೊಳಗಿನಿಂದ ಒಂದು ಕಾಗದವನ್ನು ತೆಗೆದು ಮಾವನ ಮುಂದಿಟ್ಟರು. ಕಾಲೇಜಿನಲ್ಲಿ ಓದುವ ಮಗ ಬರೆದುಕೊಟ್ಟ ಕರಡು, ಇದನ್ನೇ ಸರಿಮಾಡಿ ಕೊಟ್ಟರೆ ಸಾಕು ಎಂದರು. ನೆರೆಯವನು ರಾತ್ರೋರಾತ್ರಿ ಗಡಿಕಲ್ಲನ್ನು ಕಿತ್ತು ತಮ್ಮ ತೋಟದ ಒಳಗೆ ನಾಲ್ಕು ಕೋಲು ಸರಿಸಿ ನೆಟ್ಟಿದ್ದಾನೆ ಎಂಬ ದೂರು. ಮಾವ ಅದನ್ನು ಮೊದಲು ನನಗೆ ಕೊಟ್ಟು, “ನೋಡು, ತಪ್ಪು ಉಂಟಾ,” ಎಂದರು. ನಾನು ಹುರುಪಿನಿಂದ ಓದಿದೆ. ಒಂದು ಕಡೆ ‘ದಿ’ ಬಿಟ್ಟಿತ್ತು, ಸೇರಿಸಿದೆ. ‘ರಿಟರ್ನ್ ಬ್ಯಾಕ್’ ಇತ್ತು, ‘ಬ್ಯಾಕ್’ ತೆಗೆದೆ. ನೆರೆಯವನ ಹೆಸರಿನ ಬಳಿಕ ಅಲ್ಪವಿರಾಮ ಹಾಕಿದೆ. ‘ಐ ಡೌಟ್ ದಟ್ ದಿ ಸೇಡ್ ನೈಬರ್ ಹ್ಯಾಸ್ ಶಿಫ್ಟೆಡ್ ದಿ ಸರ್ವೆ ಸ್ಟೋನ್’ ಎಂಬ ಸಾಲಿನಲ್ಲಿ ವ್ಯಾಕರಣದ ತಪ್ಪೇನೂ ಕಾಣಲಿಲ್ಲ. ಹಾಗೆಯೇ ದಾಟಿಸಿದೆ.

ಮಾವ ನನ್ನ ತಿದ್ದುಪಡಿಗಳನ್ನೆಲ್ಲ ನೋಡಿ ತಲೆಯಾಡಿಸುತ್ತ ಬಂದವರು ಆ ಸಾಲಿನಲ್ಲಿ ನಿಂತರು. ಬೆರಳನ್ನು ಕಾಗದದ ಮೇಲಿಟ್ಟು, ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, “ಇದು ಹೀಗೇ ಹೋದರೆ ಕಲ್ಲು ಕಿತ್ತದ್ದು ಅವನಲ್ಲ ಅಂತ ನಾವೇ ಸಹಿ ಹಾಕಿ ಕೊಟ್ಟ ಹಾಗೆ ಆಗ್ತದೆ,” ಎಂದರು. ಬಂದವರು ಗಾಬರಿಯಾಗಿ ನನ್ನ ಮುಖ ನೋಡಿದರು, ನಾನು ಮಳೆಯನ್ನು ನೋಡಿದೆ. ಮಾವ ‘ಡೌಟ್’ ಎಂಬುದರ ಮೇಲೆ ಎರಡು ಗೆರೆ ಎಳೆದು, ತಮ್ಮ ದುಂಡನೆಯ ಅಕ್ಷರದಲ್ಲಿ ‘ಸಸ್ಪೆಕ್ಟ್’ ಎಂದು ಬರೆದರು. ನಾನು ಸೇರಿಸಿದ್ದ ಅಲ್ಪವಿರಾಮವನ್ನು ಇದ್ದಲ್ಲೇ ಬಿಟ್ಟರು. ಅನಂತರ ಕೊನೆಯಲ್ಲಿ ಉಳಿದಿದ್ದ ಎರಡು ಬೆರಳಿನಷ್ಟು ಖಾಲಿ ಜಾಗವನ್ನು ಗಮನಿಸಿ, ‘ಕೈಂಡ್ಲಿ ಡು ದಿ ನೀಡ್‌ಫುಲ್ ಅಂಡ್ ಒಬ್ಲೈಜ್’ ಎಂದು ತುಂಬಿಸಿ, ಕಾಗದವನ್ನು ನನ್ನ ಕಡೆಗೆ ತಳ್ಳಿದರು. ನಾನು ಡೆಸ್ಕಿನ ಮೂಲೆಯಲ್ಲಿ ಕಾರ್ಬನ್ ಇಟ್ಟು, ಎರಡು ಪ್ರತಿ ಬರುವಂತೆ ಒತ್ತಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದಕ್ಷರವನ್ನೂ ಬಿಡದೆ ಬರೆದುಕೊಟ್ಟೆ.